ಗುಮ್ಮಳಾಪುರದಲ್ಲಿ ಅಕ್ಕನ ಕಾಡು

ಪೆಟ್ರೋಲಿಲ್ಲದೆ ಇದ್ದಲ ಹೊಗೆಯಿಂದ ಓಡುತ್ತಿದ್ದ ಯುದ್ಧಕಾಲದ ಬಸ್ಸು ಬೆಂಗಳೂರಿನಿಂದ ಹೊಸೂರು ಮುಟ್ಟುವಷ್ಟರಲ್ಲಿ ಎರಡು ಕಡೆ ಕೆಟ್ಟು ನಿಂತಿತು. ಇಪ್ಪತ್ತೈದು ಮೈಲಿಗೆ ನಾಲ್ಕು ಗಂಟೆ. ನನ್ನ ಕೈಯಲ್ಲಿ ಒಂದು ಜಮಖಾನ, ಒಂದು ಹಗ್ಗ. ಅಕ್ಕ ಬರೆದ ಕೊನೆಯ ಪರದೆಯನ್ನು ಸುತ್ತಿ ತರಲು.

ಅಕ್ಕ ತೀರಿಕೊಂಡು ಎರಡು ತಿಂಗಳಾಗಿತ್ತು. ನಾಟಕ ಕಂಪನಿಗಳಿಗೆ ಅವಳು ಪರದೆ ಬರೆಯುತ್ತಿದ್ದಳು. ಅರಮನೆ ಎಂದರೆ ಒಂದೇ ಕೆಂಪು ಕಂಬ, ನದಿ ಎಂದರೆ ಬರಿಯ ನೀಲಿ ಪಟ್ಟೆ. ಜನ ನಕ್ಕರು. ಕಂಪನಿಯವರು ಅವುಗಳ ಮೇಲೆ ಸುಣ್ಣ ಬಳಿದು ಬೇರೆಯವರಿಂದ ಬರೆಸಿದರು. ಉಳಿದದ್ದು ಊರವರೇ ಸೇರಿ ನಾಟಕ ಆಡುವ ಗುಮ್ಮಳಾಪುರದ ಊರಾಟದವರಿಗೆ ಬರೆದುಕೊಟ್ಟ ಕಾಡೊಂದೇ. ಅದರಲ್ಲಿ ಮರಗಳಿರಲಿಲ್ಲ, ಓರೆಯಾದ ಕಪ್ಪು ಗೆರೆಗಳು, ನಡುವೆ ಹಳದಿ ಬೆಳಕು. ಬಣ್ಣ ಅರೆದುಕೊಟ್ಟವಳು ನಾನು. “ನೀರು ಜಾಸ್ತಿ ಮಾಡಿದೆ ಕಣೆ, ಬಟ್ಟೆ ಎಲ್ಲ ಕುಡಿದುಬಿಡುತ್ತೆ” ಎಂದು ಬೈದಿದ್ದಳು.

ಹೊಸೂರಿನಲ್ಲಿ ಇಡ್ಲಿ ತಿಂದು ತಳಿ ಎಂಬ ಊರಿಗೆ ಇನ್ನೊಂದು ಬಸ್ಸು ಹಿಡಿದೆ. ಅಲ್ಲಿಂದ ಎತ್ತಿನ ಗಾಡಿ. ಬಿಸಿಲು ಚುರುಗುಟ್ಟುತ್ತಿತ್ತು.

ಊರಾಟದ ಯಜಮಾನ ಮುನಿಯಪ್ಪ ಚಾವಡಿಯ ಮುಂದೆ ಪರದೆ ಬಿಚ್ಚಿದ. “ನೋಡಮ್ಮ, ನಿಮ್ಮಕ್ಕನ ಕೆಲ್ಸ ಅರ್ಧಕ್ಕೆ ನಿಲ್ಲಕ್ಕೆ ಬುಡ್ನಿಲ್ಲ ನಾವು.”

ಕಾಡಿನ ತುಂಬ ಮರಗಳಿದ್ದವು. ಹಸಿರು ಎಲೆ, ಕೆಂಪು ಹಣ್ಣು, ಗಿಳಿ, ಜಿಂಕೆ.

“ಬರೋ ವರ್ಷ ಬಂದು ಮರ ಬರೀತಾರೆ ಅಂದ್ಕಂಡಿದ್ವಿ. ಅಷ್ಟ್ರಲ್ಲಿ ಹೋಗ್ಬುಟ್ರು. ಸತ್ತೋರು ಬುಟ್ಟ ಕೆಲ್ಸನ ಅವ್ರಿಗೆ ಅನ್ನ ಇಕ್ಕಿದೋರು ಮುಗಿಸ್ಬೇಕು, ನಮ್ಮೂರಾಗೆ ಹಂಗೆ. ಅವ್ರು ಒಂಬತ್ತು ಮನೇಲಿ ಉಂಡಿದ್ರು. ಮನೆಗೊಂದು ಮರ.”

“ಗಿಳಿ ನಂದು,” ಎಂದಳು ಅವನ ಅಕ್ಕ ಕೆಂಪಮ್ಮ.

“ಗಿಳಿಯಂತೆ! ಕೋಳಿ ಕಣಮ್ಮ ಅದು,” ಎಂದ ಮುನಿಯಪ್ಪ.

“ನಿನ್ ಜಿಂಕೆ ಕತ್ತೆ ಇದ್ದಂಗೈತೆ, ಸುಮ್ಕಿರ್ಲಾ.” ಕೆಂಪಮ್ಮ ನನ್ನ ಕೈ ಹಿಡಿದುಕೊಂಡಳು. “ಈಗ ಪೂರ್ತಿ ಆಯ್ತಲ್ಲ ಮಗಾ, ಸಮಾಧಾನ ಆಯ್ತಾ?”

ಅಕ್ಕನ ಕಾಡು ಮೊದಲೇ ಮುಗಿದಿತ್ತು ಎನ್ನಬೇಕೆಂದಿದ್ದೆ. “ಆಯ್ತಮ್ಮ” ಎಂದೆ.

ನನಗೆ ಕೊಡಲೆಂದು ಅವರು ಪರದೆ ಮಡಿಸತೊಡಗಿದಾಗ ಅದರ ಹಿಂಬದಿ ಕಂಡಿತು. ಅವರ ಗಟ್ಟಿ ಬಣ್ಣ ಇತ್ತ ಇಳಿದಿರಲಿಲ್ಲ. ನಾನು ನೀರು ಹೆಚ್ಚು ಮಾಡಿದ್ದ ಕಪ್ಪು ಮಾತ್ರ ಬಟ್ಟೆಯೊಳಗೆ ಇಳಿದು, ಓರೆ ಓರೆಯಾಗಿ, ಅಕ್ಕನ ಕೈ ಆಡಿದ ಹಾಗೆಯೇ ನಿಂತಿತ್ತು.

“ಒಂದ್ನಿಮಿಷ ಹಾಗೇ ಹಿಡ್ಕೊಳ್ಳಿ,” ಎಂದೆ.

ಒಂಬತ್ತು ಮನೆಯ ಮರಗಳನ್ನು ಕಿತ್ತು ತರಲು ನನ್ನಿಂದಾಗಲಿಲ್ಲ. ನಿಮ್ಮ ಆಟಕ್ಕೇ ಇರಲಿ ಎಂದು ಹೇಳಿ, ಬರಿಯ ಜಮಖಾನ ಹಿಡಿದು ಗಾಡಿ ಹತ್ತಿದೆ. ತಿರುವಿನಲ್ಲಿ ಹಿಂದಕ್ಕೆ ನೋಡಿದೆ. ಕೆಂಪಮ್ಮನೂ ಮುನಿಯಪ್ಪನೂ ಎರಡು ತುದಿ ಹಿಡಿದು ಇನ್ನೂ ನಿಂತೇ ಇದ್ದರು, ನನ್ನಕ್ಕನ ಗೆರೆಗಳ ಬದಿಯನ್ನು ನನ್ನ ಕಡೆಗೆ ಮಾಡಿಕೊಂಡು.