ಪಿಚ್ಚರ್ ಕೆಂಪು

ಕೌದಿಯನ್ನು ವರ್ಷಕ್ಕೊಮ್ಮೆ ಟ್ರಂಕಿನಿಂದ ಹೊರಗೆ ತೆಗೆಯುತ್ತೇನೆ. ಮುಚ್ಚಳ ಎತ್ತಿದ ಕೂಡಲೇ ಮೊದಲು ನುಸಿಗುಳಿಗೆಯ ವಾಸನೆ, ಅದರ ಹಿಂದೆ ಒಣಗಿದ ಬೇವಿನೆಲೆಯದು, ಎಲ್ಲಕ್ಕೂ ಹಿಂದೆ ಎಲ್ಲೋ ದೂರದಿಂದ ಹೊಲಿಗೆ ಮಷಿನ್ನಿಗೆ ಬಿಡುವ ಎಣ್ಣೆಯದು... ನನ್ನ ಮಗಳು ಒಮ್ಮೆ ಮೂಸಿ ನೋಡಿ, “ಎಣ್ಣಿನೂ ಇಲ್ಲ ಏನೂ ಇಲ್ಲ, ಎಲ್ಲಾ ನಿನ್ನ ಮೂಗಿನಾಗ ಐತಿ” ಅಂದಿದ್ದಳು. ಇರಲಿ ಬಿಡಿ. ಮೂಗೂ ನನ್ನದೇ, ಕೌದಿಯೂ ನನ್ನದೇ.

ಈ ಸಲ ಪಾರ್ವತಿನಗರದ ಮಗಳ ಮನೆಯಲ್ಲಿ ಅದನ್ನು ಬಿಸಿಲಿಗೆ ಹಾಕಿದ್ದೆ. ಮಧ್ಯಾಹ್ನ ಊಟವಾದ ಮೇಲೆ ತೊಡೆಯ ಮೇಲೆ ಹರವಿಕೊಂಡು, ಬಿಟ್ಟುಹೋದ ಹೊಲಿಗೆಗೆ ದಾರ ಹಾಕುತ್ತ ಕುಳಿತಿದ್ದೆ. ಮಗಳು ಟಿವಿ ಹಚ್ಚಿದಳು. ಯಾವುದೋ ಪರದೇಶದ ಹಾಡುಗಾರರ ಗುಂಪು. ದೊಡ್ಡ ಬಯಲು, ಇರುವೆ ಹಾಗೆ ಮಂದಿ, ಎತ್ತರದ ವೇದಿಕೆ, ಗಿಟಾರು, ಡ್ರಮ್ಮು. ಹಳೆಯ ರೀಲುಗಳನ್ನು ಎಲ್ಲಿಂದಲೋ ಹುಡುಕಿ ತೆಗೆದು, ಒಂದೊಂದೇ ಚಿತ್ರದ ಧೂಳು ಒರೆಸಿ, ಗೀರು ಅಳಿಸಿ, ಹೋದ ಬಣ್ಣ ಮರಳಿ ತಂದಿದ್ದಾರಂತೆ. “ನೋಡವ್ವಾ, ನಿನ್ನೆ ತೆಗದಂಗ ಐತಿ” ಅಂದಳು. ಕಣ್ಣೆತ್ತಿದೆ. ಹಾಡುವವನು ಮೈಕಿನ ಕಂಬವನ್ನು ಓರೆಯಾಗಿ ಹಿಡಿದು, ಕೂದಲನ್ನು ಮುಖದ ಮೇಲೆಲ್ಲ ಚೆಲ್ಲಿಕೊಂಡು ನಿಂತಿದ್ದ. ಅಯ್ಯೋ, ಇವನನ್ನು ನಾನು ಬಲ್ಲೆ. ಆದರೆ ನಾನು ನೋಡಿದಾಗ ಇವನು ಪೂರ್ತಿ ಕೆಂಪಗಿದ್ದ.

ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ನಾವಾಗ ಬಳ್ಳಾರಿಯ ಗಾಂಧಿನಗರದಲ್ಲಿದ್ದೆವು. ಪಿಯುಸಿ ಮುಗಿದಿದ್ದೇ ತಡ, ಓದಿದ್ದು ಸಾಕು ಎಂದು ನನ್ನನ್ನು ಮನೆಯಲ್ಲಿ ಕೂಡಿಸಿದ್ದರು. ನಮ್ಮ ಹಿತ್ತಿಲ ಖೋಲಿಯಲ್ಲಿ ಬಾಡಿಗೆಗೆ ಇದ್ದವಳು ಅಕ್ಕ. ಕುರುಗೋಡಿನವಳು. ಓಣಿಗೆಲ್ಲ ಹೊಲಿಗಿ ಅಕ್ಕ. ವಯಸ್ಸಿನಲ್ಲಿ ದೊಡ್ಡವಳಾದ ನಮ್ಮವ್ವನಿಗೂ ಅಕ್ಕನೇ. ಅವಳ ಗಂಡ ಪ್ಯಾಂಟು ಹೊಲಿಯುವುದರಲ್ಲಿ ಹೆಸರು ಮಾಡಿದ್ದವನು. ಮದುವೆಯಾಗಿ ಕೆಲವೇ ವರ್ಷಕ್ಕೆ ಕಾಮಾಲೆಯಾಗಿ ಹೋಗಿಬಿಟ್ಟ. ಅವಳಿಗೆ ಉಳಿದದ್ದು ಕಾಲಿನಿಂದ ತುಳಿಯುವ ಒಂದು ಮಷಿನ್ನು ಮತ್ತು ಒಂದು ದೊಡ್ಡ ಕತ್ತರಿ.

ಮಷಿನ್ನಿನಲ್ಲಿ ಅವಳು ದಿನವಿಡೀ ಓಣಿಯ ಹೆಂಗಸರ ಜಂಪರು, ಹುಡುಗಿಯರ ಲಂಗ ಹೊಲಿಯುತ್ತಿದ್ದಳು. ಕತ್ತರಿ ಮಾತ್ರ ಎಣ್ಣೆಬಟ್ಟೆಯಲ್ಲಿ ಸುತ್ತಿಕೊಂಡು ಗೂಡಿನಲ್ಲಿ ಮಲಗಿರುತ್ತಿತ್ತು. ಒಮ್ಮೆ ನಾನು ಮುಟ್ಟಲು ಹೋದಾಗ ಕೈಮೇಲೆ ಮೆಲ್ಲಗೆ ಹೊಡೆದಿದ್ದಳು. “ಅದು ಪ್ಯಾಂಟಿನ ಕತ್ತರಿ. ಜಂಪರಿಗೆ ಅದನ್ನ ಹಿಡದ್ರ ಇಲಿ ಹಿಡಿಯಾಕ ಆನಿ ತಂದಂಗ ಆಗ್ತೈತಿ.” ಗಂಡನ ಎದುರು ಕುಳಿತು, ಕಚ್ಚಾ ಹೊಲಿಗೆ ಹಾಕಿಕೊಡುತ್ತ, ಅವಳು ಆ ಕೆಲಸವನ್ನೆಲ್ಲ ಕಲಿತಿದ್ದಳು. ಕಲಿತು ಏನು ಮಾಡುವುದು? ಗಂಡಸರ ಸೊಂಟಕ್ಕೆ ಟೇಪು ಹಿಡಿಯುವ ಹೆಂಗಸಿನ ಹತ್ತಿರ ಯಾವ ಗಿರಾಕಿ ಬರುತ್ತಾನೆ? ಅವಳಿಗೆ ಇದ್ದದ್ದು ಒಂದೇ ಆಸೆ. ಬಾಗಿಲ ಮೇಲೆ ‘ಇಲ್ಲಿ ಪ್ಯಾಂಟು ಹೊಲಿಯಲಾಗುವುದು’ ಎಂಬ ಬೋರ್ಡು. ಅದನ್ನು ಅವಳು ನಗುತ್ತಲೇ ಹೇಳುತ್ತಿದ್ದಳು. ನಗುತ್ತ ಹೇಳಿದ ಆಸೆಗಳೇ ಮನುಷ್ಯನನ್ನು ಹೆಚ್ಚು ತಿನ್ನುತ್ತವೆ ಅಂತ ನನಗೆ ಆಗ ಗೊತ್ತಿರಲಿಲ್ಲ.

ಆ ವರ್ಷ ಕಾಲೇಜಿನಲ್ಲಿ ಓದುತ್ತಿದ್ದ ನನ್ನ ಅಣ್ಣ ಮತ್ತು ಅವನ ಮೂವರು ಗೆಳೆಯರು ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆಂದು ಒಂದು ಆರ್ಕೆಸ್ಟ್ರಾ ಕಟ್ಟಿದ್ದರು. ಅಣ್ಣ ಡ್ರಮ್ಮು ಬಡಿಯುತ್ತಿದ್ದ, ಮೊದಮೊದಲು ನಮ್ಮವ್ವನ ಹಿಟ್ಟಿನ ಡಬ್ಬಿಗಳ ಮೇಲೆ. ಅದೇ ಹೊತ್ತಿಗೆ ಸ್ಟೇಷನ್ ಕಡೆಯ ಟಾಕೀಸಿನಲ್ಲಿ ಭಾನುವಾರದ ಬೆಳಗಿನ ಆಟಕ್ಕೆ ಆ ಇಂಗ್ಲಿಷ್ ಪಿಚ್ಚರ್ ಬಂತು. ಕತೆಯಿಲ್ಲದ ಪಿಚ್ಚರ್. ಮೊದಲಿಂದ ಕೊನೆವರೆಗೆ ಆ ಗುಂಪು ಬಯಲಿನಲ್ಲಿ ಹಾಡುವುದೇ. ನೋಡಿಕೊಂಡು ಬಂದ ನಾಲ್ವರಿಗೂ ತಲೆ ಕೆಟ್ಟಿತು. ಹಾಡು ಬರದಿದ್ದರೂ ಚಿಂತೆಯಿಲ್ಲ, ಪ್ಯಾಂಟು ಮಾತ್ರ ಹಾಗೇ ಬೇಕು.

ಬಜಾರಿನ ಪ್ಯಾಂಟ್ ಮಾಸ್ತರರಿಗೆ ಮದುವೆ ಬಟ್ಟೆಗಳ ಸುಗ್ಗಿ. ಉಗಾದಿ ಕಳೆದು ಬರ್ರಿ ಅಂದುಬಿಟ್ಟರು. ಆಗ ನಾನೇ ಬಾಯಿ ಹಾಕಿದೆ. ಬಾಯಿ ಹಾಕದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ. ಹಿತ್ತಿಲಾಗ ಅಕ್ಕ ಇದ್ದಾಳಲ್ಲ ಅಂದೆ. ಅಣ್ಣ ಮೂಗು ಮುರಿದ. ಆದರೆ ಬೇರೆ ದಾರಿ ಇರಲಿಲ್ಲ.

ಅಕ್ಕ ತುಳಿಯುವುದನ್ನು ನಿಲ್ಲಿಸಿದಳು. ಆಮೇಲೆ ಮಷಿನ್ನಿನ ಗಾಲಿಯ ಮೇಲೆ ಕೈಯಿಟ್ಟು ಹೇಳಿದಳು. “ನಾ ಟೇಪ್ ಹಿಡಿಯಂಗಿಲ್ಲಪಾ. ಒಂದೊಂದು ಹಳೇ ಪ್ಯಾಂಟು ಅಳತಿಗೆ ಕಳಸ್ರಿ. ಮತ್ತ ಆ ಪಿಚ್ಚರ್ನ ನಾ ನನ್ನ ಕಣ್ಣಿಲೆ ನೋಡಬೇಕು.”

ಗಂಡ ಸತ್ತವಳು ಇಂಗ್ಲಿಷ್ ಪಿಚ್ಚರಿಗೆ ಒಬ್ಬಳೇ ಹೋಗುವುದೆಂದರೆ ಓಣಿ ಸುಮ್ಮನಿರುತ್ತದೆಯೇ. ಜೊತೆಗೆ ನನ್ನನ್ನು ಕಳಿಸಿದರು. ಇಂಟರ್ವಲ್ಲಿಗೆ ಹೊರಗ ಬರಬ್ಯಾಡ್ರಿ, ಸೆರಗು ಹೊದ್ದುಕೊಂಡು ಕುಂಡ್ರಿ ಎಂದು ಅವ್ವ ಬಾಗಿಲವರೆಗೂ ಬಂದು ಹೇಳಿದಳು. ಹೆಂಗಸರ ಬೆಂಚಿನಲ್ಲಿ ನಾವಿಬ್ಬರೇ.

ದೀಪ ಆರಿತು. ಪರದೆಯ ಮೇಲೆ ಎಲ್ಲವೂ ಕೆಂಪು... ಕುಂಕುಮ ಕಲಸಿದ ನೀರಿನೊಳಗೆ ಕಣ್ಣು ಬಿಟ್ಟ ಹಾಗೆ. ಆಕಾಶ ಕೆಂಪು, ಹುಲ್ಲು ಕೆಂಪು, ಹಾಡುವವರ ಮುಖ, ಅಂಗಿ, ಪ್ಯಾಂಟು ಎಲ್ಲ ಒಂದೇ ಕೆಂಪಿನ ಬೇರೆ ಬೇರೆ ಮಡಿಕೆಗಳು. ಊರೂರು ತಿರುಗಿ, ಬಿಸಿಲು ಧೂಳು ತಿಂದು ಆ ರೀಲಿನ ಉಳಿದ ಬಣ್ಣಗಳೆಲ್ಲ ಹಾರಿಹೋಗಿವೆ ಎಂದು ನಮಗೆ ಹೇಳುವವರು ಯಾರು? ಆ ದೇಶದ ಸಂಜೆ ಹೀಗೇ ಇರುತ್ತದೆ ಅಂದುಕೊಂಡೆ. ನಮ್ಮ ಬಳ್ಳಾರಿಯ ಸಂಜೆಯೂ ಬಹಳ ಬೇರೆ ಏನಲ್ಲ. ಗಾಳಿ ಎದ್ದರೆ ಗುಡ್ಡವೇ ಕೆಂಪಾಗಿ ಕಾಣುತ್ತಿತ್ತು. ಹಿಂದಿನಿಂದ ಯಾರೋ, “ಕತಿ ಯಾವಾಗ ಚಾಲೂ ಆಗ್ತೈತಿ?” ಎಂದು ಕೇಳುತ್ತಲೇ ಇದ್ದರು. ನನಗೆ ಕತೆ ಬೇಕಿರಲಿಲ್ಲ. ಅರ್ಥವಾಗದ ಆ ಹಾಡು ಎದೆಯೊಳಗೆ ಇಳಿದು, ನಾನೇ ಎಲ್ಲೋ ತೇಲಿ ಹೋಗುತ್ತಿದ್ದೆ. ಆ ಹಾಡುವವನ ಮುಖ, ಆ ಕೂದಲು, ಕಣ್ಣು ಮುಚ್ಚಿ ಅವನು ತಲೆಯನ್ನು ಹಿಂದಕ್ಕೆ ವಾಲಿಸುವ ರೀತಿ... ಈಗ ಹೇಳಿಕೊಳ್ಳಲು ನಾಚಿಕೆ ಏನಿಲ್ಲ, ನಾನು ಮೊದಲ ಬಾರಿ ಪ್ರೀತಿಸಿದ್ದು ಅವನನ್ನೇ.

ಪಕ್ಕದಲ್ಲಿ ಅಕ್ಕ ಬೇರೆಯೇ ಪಿಚ್ಚರ್ ನೋಡುತ್ತಿದ್ದಳು. ಅವಳ ತೋರುಬೆರಳು ಸೀರೆಯ ಮೇಲೆ, ಮೊಣಕಾಲಿನ ಗುಂಟ, ಕಾಣದ ಗೆರೆ ಎಳೆಯುತ್ತಿತ್ತು. ಕೊನೆಯ ಹಾಡಿನಲ್ಲಿ ಅವನು ಒಂದು ಕಾಲನ್ನು ಎತ್ತಿ ಮುಂದಿನ ಪೆಟ್ಟಿಗೆಯ ಮೇಲಿಟ್ಟ. ಅಕ್ಕ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು. “ನೋಡಿದ್ಯಾ?” ಅಂದಳು. ನಾನು ಹೂಂ ಅಂದೆ.

ಹೊರಗೆ ಬಿಸಿಲಿಗೆ ಬಂದ ಮೇಲೆ ಅವಳೇ ಹೇಳಿದಳು. “ಪ್ಯಾಂಟಿಗೆ ಮೊಣಕಾಲ ಕೆಳಗ ಹೊಲಿಗಿ ಬಿಚ್ಚಿ ಬ್ಯಾರೆ ತುಂಡು ಕೂಡಿಸ್ಯಾರ. ಮೂರು ಮೂಲಿ ತುಂಡು. ನಾವು ಲಂಗದ ಘೇರಿಗೆ ಇಡ್ತೀವಲ್ಲ, ಹಂಗ. ಅದಕ್ಕ ಹಂಗ ಅರಳತೈತಿ.” ದಾರಿಯುದ್ದಕ್ಕೂ ಅವಳ ಮುಖದಲ್ಲಿ ಒಂದು ಬೆಳಕಿತ್ತು. ನಮ್ಮ ಹಿತ್ತಿಲ ಖೋಲಿಯಲ್ಲಿ ಜಂಪರಿಗೆ ಹುಕ್ಕು ಹಚ್ಚುವ ಅಕ್ಕನಲ್ಲ ಅವಳು, ಬೇರೆ ಯಾರೋ ಅನ್ನಿಸಿತು.

ಬಣ್ಣದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಕೆಂಪು ಎಂದರೆ ಕೆಂಪು, ಊರೆಲ್ಲ ನೋಡಿತ್ತು. ಆ ಬಣ್ಣದ ದಪ್ಪ ಬಟ್ಟೆ ಎಲ್ಲೂ ಸಿಗಲಿಲ್ಲ. ಅಕ್ಕ ಬಿಳಿಯದನ್ನೇ ತರಿಸಿ, ಹಂಡೆಯಲ್ಲಿ ಬಣ್ಣ ಕುದಿಸಿ, ಅದ್ದಿ, ಹಿಂಡಿ, ಮತ್ತೆ ಅದ್ದಿ, ಪರದೆಯ ಮೇಲಿನ ಆ ಕೆಂಪನ್ನು ತಂದಳು. ಹಿತ್ತಿಲ ಹಗ್ಗದ ಮೇಲೆ ಆ ಬಟ್ಟೆ ಗಾಳಿಗೆ ಆಡುವಾಗ ನಾನು ಅದರ ಕೆಳಗೆ ಸುಮ್ಮನೆ ನಿಂತುಕೊಳ್ಳುತ್ತಿದ್ದೆ. ಒಣಗಿದ ದಿನ ಅವಳು ಗೂಡಿನಿಂದ ಕತ್ತರಿ ತೆಗೆದಳು. ಕಣ್ಣಿಗೊತ್ತಿಕೊಂಡಳು. ಬಟ್ಟೆಯೊಳಗೆ ಅದು ಕರಕರ ಎಂದು ನಡೆದ ಸದ್ದಿದೆಯಲ್ಲ... ಅಂಥ ಸಮಾಧಾನದ ಸದ್ದನ್ನು ನಾನು ಮತ್ತೆ ಕೇಳಿಲ್ಲ.

ಪ್ಯಾಂಟುಗಳು ಸಿದ್ಧವಾದವು. ಮೊಣಕಾಲವರೆಗೆ ಮೈಗೆ ಅಂಟಿ, ಅಲ್ಲಿಂದ ಮೂಲೆ ತುಂಡಿನಲ್ಲಿ ಅರಳಿ, ನಡೆದರೆ ಪಾದದ ಮೇಲೆ ಅಲೆಯಾಡುತ್ತಿದ್ದವು. ಅಣ್ಣ ಒಂದನ್ನು ಹಾಕಿಕೊಂಡು ಠೀವಿಯಿಂದ ಬಜಾರಿಗೆ ಹೋದ. ಅಲ್ಲಿ ಪ್ಯಾಂಟ್ ಮಾಸ್ತರರು ಅವನನ್ನು ಅಂಗಡಿಯ ಮುಂದೆ ನಿಲ್ಲಿಸಿ, ಬಗ್ಗಿ ನೋಡಿ, ನಾಲ್ಕು ಮಂದಿಯ ಮುಂದೆ, “ಏನಪಾ, ಯಾರ ಲಂಗ ಇದು?” ಅಂದರಂತೆ. ಬಜಾರು ನಕ್ಕಿತು. ವಯಸ್ಸಿನ ಹುಡುಗನಿಗೆ ಅಷ್ಟು ಸಾಕು.

ನಾಲ್ವರೂ ಮುಖ ಕೆಂಪಗೆ ಮಾಡಿಕೊಂಡು ಹಿತ್ತಿಲಿಗೆ ಬಂದರು. “ಅಕ್ಕಾರ, ಬಣ್ಣ ಬರೋಬ್ಬರಿ ಐತಿ. ಈ ತುಂಡು ಯಾಕ ಇಟ್ರಿ? ನಾವೂ ಪಿಚ್ಚರ್ ನೋಡೀವಿ. ತುಂಡೂ ಇಲ್ಲ, ಗಿಂಡೂ ಇಲ್ಲ,” ಅಂದ ಅಣ್ಣ.

“ಐತಪಾ. ನಾ ಕಂಡೀನಿ,” ಅಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿದಳು.

“ನಾನೂ ನೋಡೀನಿ” ಅಂದೆ ನಾನು.

“ನೀ ಸುಮ್ಕಿರಲೇ” ಅಂದ ಅಣ್ಣ. ತುಂಡು ಬಿಚ್ಚಿ ಕೊಡ್ರಿ ಎಂದು ಹಟ ಹಿಡಿದರು. ಅಕ್ಕನ ದನಿ ಏರಲಿಲ್ಲ. “ಅದನ್ನ ತೆಗದ್ರ ಪ್ಯಾಂಟು ಸಾಯ್ತೈತಿ. ನಾ ನನ್ನ ಕೈಯಿಲೆ ತೆಗಿಯಂಗಿಲ್ಲ.” ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅದೇ ಸಂಜೆ ಬಜಾರಿನಲ್ಲಿ ಮಾಸ್ತರರು ತುಂಡುಗಳನ್ನೆಲ್ಲ ಬಿಚ್ಚಿ, ಬರೀ ಕೊಳವೆ ಹೊಲಿದು ಕೊಟ್ಟರು. ಬಿಚ್ಚಿದ ತುಂಡುಗಳನ್ನು ಅಣ್ಣ ಒಂದು ಪೇಪರಿನಲ್ಲಿ ಸುತ್ತಿ ತಂದು ಅಕ್ಕನ ಕಟ್ಟೆಯ ಮೇಲಿಟ್ಟು ಹೋದ.

ಗ್ಯಾದರಿಂಗಿನಲ್ಲಿ ಆರ್ಕೆಸ್ಟ್ರಾ ಹೇಗಿತ್ತೋ ಯಾರಿಗೂ ನೆನಪಿಲ್ಲ. ಪ್ಯಾಂಟಿನ ಬಣ್ಣ ಮಾತ್ರ ಹುಚ್ಚು ಹಿಡಿಸಿತು. ದೀಪಾವಳಿಯ ಹೊತ್ತಿಗೆ ಬಳ್ಳಾರಿಯ ಪಡ್ಡೆ ಹುಡುಗರ ಕಾಲಿಗೆಲ್ಲ ಅದೇ ಬಣ್ಣ. ಅಂಗಡಿಯಲ್ಲಿ ಅದಕ್ಕೆ ‘ಪಿಚ್ಚರ್ ಕೆಂಪು’ ಅನ್ನುತ್ತಿದ್ದರು. ಹೊಲಿಯುತ್ತಿದ್ದವರು ಮಾಸ್ತರರು. ಕತ್ತರಿ ಮತ್ತೆ ಎಣ್ಣೆಬಟ್ಟೆಯೊಳಗೆ ಹೋಯಿತು. ಬೋರ್ಡಿನ ಮಾತನ್ನು ಅಕ್ಕ ಮತ್ತೆ ಎತ್ತಲಿಲ್ಲ, ನಗುತ್ತ ಕೂಡ.

ತುಂಡು ಇತ್ತೋ ಇಲ್ಲವೋ, ಪಿಚ್ಚರನ್ನೇ ಇನ್ನೊಮ್ಮೆ ನೋಡಿ ಬಂದರಾಯಿತು ಅಂತ ನಾನು ಅವಳನ್ನು ಎಳೆದುಕೊಂಡು ಹೋಗಿದ್ದೆ. ಟಾಕೀಸಿನಲ್ಲಿ ತೆಲುಗು ಪಿಚ್ಚರ್ ನಡೆದಿತ್ತು. ಆ ರೀಲಿನ ಡಬ್ಬಿಗಳು ರೈಲು ಹತ್ತಿ ಗುಂತಕಲ್ ಕಡೆ ಹೋಗಿ ಬಹಳ ದಿನವಾಗಿತ್ತು. ಬರುವಾಗ ದಾರಿಯಲ್ಲಿ ಅಕ್ಕ ಕೇಳಿದಳು. “ನೀ ಅವತ್ತ ನಾನೂ ನೋಡೀನಿ ಅಂತ ಸುಳ್ಳ್ಯಾಕ ಹೇಳಿದಿ? ನೀ ಆ ಹಾಡವನ ಮಾರಿ ನೋಡಾಕತ್ತಿದ್ದಿ. ನನಗ ಗೊತ್ತಿಲ್ಲೇನು.” ಸಿಟ್ಟಿನಿಂದಲ್ಲ, ಕೆಣಕುವ ಹಾಗೆ. ನಾನು ನಕ್ಕೆ. ಅವಳು ನಗಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ, “ಇನ್ನೊಬ್ಬರು ಯಾರಾದ್ರೂ ನೋಡಿದ್ರ ಸಾಕಿತ್ತು... ಈಗ ನನಗೂ ಹಂಗ ಅನಸ್ತೈತಿ, ನನ್ನ ಕಣ್ಣೇ ಮೋಸ ಮಾಡ್ತೋ ಏನೋ” ಅಂದಳು. ಗಂಡ ಸತ್ತಾಗಲೂ ಅವಳು ಅಷ್ಟು ಸೋತಿರಲಿಕ್ಕಿಲ್ಲ ಅನ್ನಿಸಿ ನನಗೆ ಅಳು ಬಂತು.

ಮರುವರ್ಷ ನನ್ನನ್ನು ಸಿರುಗುಪ್ಪಕ್ಕೆ ಮದುವೆ ಮಾಡಿಕೊಟ್ಟರು. ಹೊರಡುವ ದಿನ ಅಕ್ಕ ಒಂದು ಕೌದಿ ತಂದು ನನ್ನ ಟ್ರಂಕಿನಲ್ಲಿಟ್ಟಳು. ಓಣಿಯ ಜಂಪರುಗಳ ತುಂಡುಗಳನ್ನೆಲ್ಲ ಕೂಡಿಸಿ ಹೊಲಿದದ್ದು. ನಾಲ್ಕೂ ಅಂಚಿಗೆ ಆ ಕೆಂಪು ಮೂಲೆ ತುಂಡುಗಳು. “ಥಂಡಿಗಾದ್ರೂ ಉಪಯೋಗಕ್ಕ ಬರಲಿ” ಅಂದಳು.

ಸ್ವಲ್ಪ ದಿನಕ್ಕೆ ಅವಳು ಖೋಲಿ ಬಿಟ್ಟು ಕುರುಗೋಡಿನ ತಮ್ಮನ ಮನೆಗೆ ಹೋದಳೆಂದು ಅವ್ವ ಹೇಳಿದಳು. ಆಮೇಲೆ ಬಳ್ಳಾರಿಗೆ ನೀಲಿ ಜೀನ್ಸ್ ಪ್ಯಾಂಟಿನ ಕಾಲ ಬಂತು. ದೊಡ್ಡ ದೊಡ್ಡ ಶೆಡ್ಡು, ಸಾಲು ಮಷಿನ್ನು, ಪ್ಯಾಂಟು ಹೊಲಿಯುವ ಹೆಂಗಸರು. ಯಾರ ಸೊಂಟಕ್ಕೆ ಯಾರು ಟೇಪು ಹಿಡಿದರು ಎಂದು ಕೇಳುವವರೇ ಇರಲಿಲ್ಲ. ತವರಿಗೆ ಬರುವಾಗಲೆಲ್ಲ ಬಸ್ಸಿನ ಕಿಟಕಿಯಿಂದ ಕುರುಗೋಡಿಗೆ ತಿರುಗುವ ದಾರಿ ನೋಡುತ್ತಿದ್ದೆ, ಮುಂದಿನ ಸಲ ಇಳಿಯೋಣ ಅಂದುಕೊಳ್ಳುತ್ತಿದ್ದೆ. ಮಕ್ಕಳು, ಮನೆ, ಮಳೆ, ಹಬ್ಬ... ಕಡೆಗೊಮ್ಮೆ ಇಳಿದಾಗ ಅವಳು ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ತಮ್ಮನ ಹೆಂಡತಿ ಕಟ್ಟೆಯ ಮೇಲೆ ಕುಳಿತು ಆ ಕತ್ತರಿಯಿಂದ ಗೋಣಿಚೀಲ ಕತ್ತರಿಸುತ್ತಿದ್ದಳು. ಚಾ ಕುಡಿದು ಬಂದೆ.

ಮೊನ್ನೆ ಮಧ್ಯಾಹ್ನ, ಟಿವಿಯಲ್ಲಿ ಆಕಾಶ ನೀಲಿ ಇತ್ತು. ಹುಲ್ಲು ಹಸಿರು. ಅವನ ಪ್ಯಾಂಟು ಕೂಡ ನೀಲಿ, ತೊಳೆದು ತೊಳೆದು ಮೆತ್ತಗಾದ ನೀಲಿ. ನನಗೆ ನಗು ತಡೆಯಲಾಗಲಿಲ್ಲ. ಇಡೀ ಬಳ್ಳಾರಿ ಕಣ್ಣಾರೆ ಕಂಡು ಒಪ್ಪಿದ ಕೆಂಪು ಅಲ್ಲಿ ಎಳ್ಳಷ್ಟೂ ಇರಲಿಲ್ಲ. ಆಮೇಲೆ ಕೊನೆಯ ಹಾಡು ಬಂತು. ಅವನು ಕಾಲೆತ್ತಿ ಪೆಟ್ಟಿಗೆಯ ಮೇಲಿಟ್ಟ.

“ನಿಲ್ಲಸು” ಅಂದೆ. ಮಗಳು ನಿಲ್ಲಿಸಿದಳು. ಕೌದಿ ಹಿಡಿದುಕೊಂಡೇ ಎದ್ದು ಟಿವಿಯ ಹತ್ತಿರ ಹೋದೆ. ಮೊಣಕಾಲ ಕೆಳಗೆ ಹೊಲಿಗೆ ಬಿಚ್ಚಿ ಕೂಡಿಸಿದ ಮೂಲೆ ತುಂಡು. ಸುತ್ತ ಹಳದಿ ದಾರದ ಹೊಲಿಗೆ ಕೂಡ ಎಣಿಸುವಷ್ಟು ಸ್ಪಷ್ಟ. ಕೌದಿಯ ಅಂಚನ್ನು ಅದರ ಪಕ್ಕಕ್ಕೆ ಹಿಡಿದೆ. ಅದೇ ಚೂಪು, ಅದೇ ಅರಳು.

ಈ ಸಲ ನಾನು ಅವನ ಮುಖ ನೋಡಲೇ ಇಲ್ಲ.

“ನಾನೂ ನೋಡೀನಿ, ಅಕ್ಕಾ,” ಅಂದೆ, ಮಗಳಿಗೆ ಕೇಳಿಸುವ ಹಾಗೆಯೇ. ಸುಳ್ಳ್ಯಾಕ ಹೇಳ್ತಿ ಎಂದು ಕೇಳಲು ಅಕ್ಕ ಇರಲಿಲ್ಲ.