ಒಂದು ತೋಳಿನ ಭಾರ

ಇವತ್ತು ಬೆಳಿಗ್ಗೆ ಕಂಬಂ ಬಸ್ಸಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂತು. ತೇನಿ ಬಸ್‌ಸ್ಟ್ಯಾಂಡಿನಿಂದ ಮನೆಗೆ ತರುವಷ್ಟರಲ್ಲಿ ಶೇರ್ ಆಟೋದಲ್ಲಿದ್ದವರೆಲ್ಲ ಮೂಗು ಅರಳಿಸಿದ್ದರು. ಪನ್ನೀರ್ ದ್ರಾಕ್ಷಿಯ ವಾಸನೆಯೇ ಹಾಗೆ, ಮುಚ್ಚಳಕ್ಕೂ ದಾರಕ್ಕೂ ಬಗ್ಗುವುದಿಲ್ಲ. ಕಳಿಸಿದವಳು ಚಿಕ್ಕಪ್ಪನ ಮಗಳು ಸೆಲ್ವಿ. ಪ್ರತಿ ಕೊಯ್ಲಿಗೂ ಕಳಿಸುತ್ತಾಳೆ. ಮೊದಲ ಹಣ್ಣು ಬಾಯಿಗಿಡುವಾಗ, ಅವಳ ಬರಹದಿಂದ ನಾನು ಹೊಡೆದುಹಾಕಿದ ಒಂದು ಸಾಲು ನೆನಪಾಗುತ್ತದೆ. ನಿಜ ಹೇಳಬೇಕೆಂದರೆ ಸಾಲು ನೆನಪಿಲ್ಲ. ಹೊಡೆದದ್ದು ಮಾತ್ರ ನೆನಪಿದೆ.

ತಲೆಮಾರುಗಳ ಹಿಂದೆ ತಮಿಳುನಾಡಿಗೆ ಬಂದು ನೆಲೆಸಿದ ನಮ್ಮ ಕುಲದವರು ಆಗಾಗ ಒಂದು ಸಂಚಿಕೆ ತರುತ್ತಾರೆ. ಬಹುಪಾಲು ತಮಿಳು. ಕೊನೆಯ ಕೆಲವು ಪುಟ ನಮ್ಮ ಮನೆಯ ಕನ್ನಡ, ಅದೂ ತಮಿಳು ಅಕ್ಷರದಲ್ಲಿ. ಮೈಸೂರಿನಲ್ಲಿ ಎಂ.ಎ. ಮಾಡಿ ಬಂದವನೆಂದು ಆ ಪುಟಗಳನ್ನು ತಿದ್ದುವ ಗೌರವ ನನಗೆ ಬಂದಿತ್ತು. ನಮ್ಮ ಮಾತು ಮೈಸೂರಿನವರಿಗೆ ಅರ್ಧ ತಿಳಿಯದು, ಅವರದು ನಮ್ಮವರಿಗೆ ಅರ್ಧ ತಿಳಿಯದು. ಎರಡು ಅರ್ಧ ಸೇರಿಸಿ ನಾನೊಬ್ಬ ಪೂರ್ತಿ ಪಂಡಿತ.

ಒಂದು ವರ್ಷ ಸೆಲ್ವಿ ತನ್ನ ಬದುಕನ್ನು ನಾಲ್ಕು ಪುಟ ಬರೆದುಕೊಟ್ಟಳು. ಆಂಡಿಪಟ್ಟಿಯ ಒಣಭೂಮಿಯಿಂದ ಮಲ್ಲಿಕಾ ಎಂಬವಳು ತೋಟದ ಕೆಲಸಕ್ಕೆ ಬಂದದ್ದು, ಇಬ್ಬರೂ ಸೇರಿ ದ್ರಾಕ್ಷಿ ಚಪ್ಪರ ಎಬ್ಬಿಸಿದ್ದು, ಒಂದೇ ಮನೆ ಮಾಡಿದ್ದು. ಒಂದು ಸಾಲಿನಲ್ಲಿ ಮಲ್ಲಿಕಾಳ ತೋಳು ಇತ್ತು. ಆ ಸಾಲು ಇದ್ದರೆ ಅವರಿಬ್ಬರು ಒಬ್ಬರಿಗೊಬ್ಬರು ಏನೆಂದು ಎಲ್ಲರಿಗೂ ತಿಳಿಯುತ್ತಿತ್ತು, ಇಲ್ಲದಿದ್ದರೆ ಬರೀ ಗೆಳತಿಯರು. ನಾನು ಹೊಡೆದುಹಾಕಿದೆ.

ಅದೇ ಸಂಚಿಕೆಗೆ ದೊಡ್ಡಪ್ಪ ತಮ್ಮ ಮದುವೆಯ ಬಗ್ಗೆ ಬರೆದಿದ್ದರು. ದೊಡ್ಡಮ್ಮನ ಜಡೆ, ಮಲ್ಲಿಗೆ, ಹಾಸಿಗೆ, ಎಲ್ಲ ಇತ್ತು. ಅಂಚಿನಲ್ಲಿ ನಾನು ‘ಮನೋಹರ’ ಎಂದು ಬರೆದಿದ್ದೆ.

ಸೆಲ್ವಿಯ ಸಾಲಿನ ಮೇಲೆ ಪೆನ್ಸಿಲ್ಲಿನಲ್ಲಿ ತೆಳುವಾಗಿ ಗೀಟೆಳೆದಿದ್ದೆ ಎಂದೇ ಇಷ್ಟು ವರ್ಷ ನಂಬಿದ್ದೆ. ನನ್ನ ದಿನಚರಿಯೂ ಹಾಗೇ ಹೇಳುತ್ತದೆ: ‘ಸೆಲ್ವಿಯ ಬರಹ ಚೆನ್ನ. ಸ್ವಲ್ಪ ತಿದ್ದಿದೆ.’ ಇವತ್ತು ಟ್ರಂಕಿನಿಂದ ಆ ಹಾಳೆ ತೆಗೆದೆ. ಕಪ್ಪು ಶಾಯಿ, ಹಿಂದೆ ಮುಂದೆ, ಕಾಗದ ಹರಿಯುವಷ್ಟು. ದಿನಚರಿ ಬರೆಯುವವರನ್ನು ನಂಬಬೇಡಿ, ಮಾರಾಯರೆ. ಅವರು ಸುಳ್ಳು ಬರೆದಿಡುವುದು ನಡೆದ ದಿನವೇ.

ಸಂಚಿಕೆ ಓದಿದವರೆಲ್ಲ “ಆಹಾ, ಎಂಥ ಸ್ನೇಹ!” ಎಂದರು. ಸೆಲ್ವಿ ನನಗೆ ಹೇಳಿದ್ದು ಒಂದೇ ಮಾತು.

“ಅಣ್ಣಾ, ನಿನ್ ಪುಸ್ತಕ್ದಾಗೆ ನಮ್ ಮನೇಲಿ ಒಂದ್ ಆಳು ಕಮ್ಮಿ ಐತೆ.”

ಅವ್ವ, ಅಂದರೆ ಅಪ್ಪನ ತಾಯಿ, ಓದು ಬಲ್ಲವಳಲ್ಲ. ಸೆಲ್ವಿಯನ್ನು ಎದುರಿಗೆ ಕೂರಿಸಿಕೊಂಡು ಅವಳ ಹತ್ತಿರವಿದ್ದ ಕೈಬರಹದ ಪ್ರತಿಯಿಂದಲೇ ನಾಲ್ಕೂ ಪುಟ ಓದಿಸಿದಳಂತೆ.

ಆ ಸಲದ ಕೊಯ್ಲಿನ ದಿನ ನಾವೆಲ್ಲ ಚಪ್ಪರದಡಿ ತಲೆ ಬಗ್ಗಿಸಿ ನಿಂತಿದ್ದೆವು. ನಮ್ಮಲ್ಲಿ ಮೊದಲ ಗೊಂಚಲನ್ನು ಗಂಡ ಹೆಂಡತಿ ಸೇರಿ ಇಳಿಸಬೇಕು. ಒಬ್ಬರು ಅಂಗೈಯಲ್ಲಿ ಎತ್ತಿ ಹಿಡಿಯುವುದು, ಇನ್ನೊಬ್ಬರು ಕತ್ತರಿಸುವುದು. ಚಿಕ್ಕಪ್ಪ, ಚಿಕ್ಕಮ್ಮ ಮುಂದೆ ಬಂದರು.

“ನೀವ್ ನಿಲ್ಲಿ,” ಎಂದಳು ಅವ್ವ. “ಸೆಲ್ವೀ, ಕತ್ರಿ ತಕ. ಮಲ್ಲಿ, ನನ್ ಕಣ್ಣೇ, ನೀ ಕೈ ಕೊಡು.”

ಚಿಕ್ಕಮ್ಮನ ಮುಖ ಬಿಳಿಚಿತು. “ಅತ್ತೆ, ಅದು ಗಂಡ ಹೆಂಡ್ರು ಮಾಡೋದಲ್ವಾ?”

“ಗೊತ್ತು. ಅದಕ್ಕೇ ಕರ್ದೆ.”

ಎಲೆಗಳ ನಡುವಿನಿಂದ ಬಿಸಿಲು ಮಲ್ಲಿಕಾಳ ಎತ್ತಿದ ತೋಳಿನ ಮೇಲೆ ಬಿದ್ದಿತ್ತು. ಕತ್ತರಿಯ ಸದ್ದು ಕೇಳಿತು, ಗೊಂಚಲು ಅಂಗೈಗಿಳಿಯಿತು. ದೇವರ ಮುಂದೆಯೂ ನನಗೆ ಹಾಗೆ ಮೈ ಜುಮ್ಮೆಂದದ್ದಿಲ್ಲ. ನಾಲ್ಕು ಪುಟವನ್ನು ಒಮ್ಮೆ ಕೇಳಿ ಇಷ್ಟು ಸರಿಯಾಗಿ ಓದಿದವರನ್ನು ನಾನು ಯಾವ ವಿಶ್ವವಿದ್ಯಾಲಯದಲ್ಲೂ ಕಂಡಿಲ್ಲ.

ಅವ್ವ ನನ್ನ ಕಡೆ ತಿರುಗಿದಳು. “ಏಂಡಾ ಓದ್ದೋನೆ, ಆ ತೋಳಿನ್ ಮಾತು ಎಲ್ಲಿ ಓಯ್ತು?”

ಬುಟ್ಟಿ ತರುವ ನೆಪದಲ್ಲಿ ನಾನು ಅಲ್ಲಿಂದ ಜಾರಿದೆ. ಅವ್ವ ತೀರಿಹೋಗಿ ಈಗ ಕೆಲವು ವರ್ಷ.

ಈ ಸಲದ ಸಂಚಿಕೆಯ ಪುಟಗಳೂ ನನ್ನ ಮೇಜಿನ ಮೇಲಿವೆ. ಪೆಟ್ಟಿಗೆ ಪಕ್ಕಕ್ಕಿಟ್ಟು ಸೆಲ್ವಿಗೆ ಫೋನು ಮಾಡಿದೆ.

“ಸೆಲ್ವೀ, ನೀವಿಬ್ಬರೂ ಒಪ್ಪಿದರೆ ಆ ಬರಹ ಪೂರ್ತಿ ಹಾಕ್ತೀನಿ. ಆದರೆ ಆ ಸಾಲು ನನ್ನ ಹಾಳೆಯಲ್ಲಿ ಕಾಣುತ್ತಿಲ್ಲ.”

“ಕಂಡ್ರೆ ತಾನೆ! ನೀ ಬಳ್ದಿದ್ದು ಹಂಗಿತ್ತು,” ಎಂದು ನಕ್ಕಳು. “ನನ್ ಪ್ರತಿ ಗೆದ್ದಲ್ ತಿಂತು ಅಣ್ಣಾ. ಇರು, ಬರ್ದೋಳ್ಗಿಂತ ಬರೆಸ್ಕೊಂಡೋಳ್ಗೆ ಚೆನ್ನಾಗ್ ಗೊತ್ತು.”

ಮಲ್ಲಿಕಾ ಫೋನು ತೆಗೆದುಕೊಂಡಳು. ಅವಳ ಮನೆಮಾತು ತಮಿಳು. ನಮ್ಮ ಮಕ್ಕಳೇ ಆಡದ ನಮ್ಮ ಮಾತನ್ನು ಸೆಲ್ವಿಯಿಂದ ಕಲಿತವಳು. ಶಾಲೆಯಲ್ಲಿ ಪದ್ಯ ಒಪ್ಪಿಸುವವಳಂತೆ ನಿಧಾನವಾಗಿ, ಸೆಲ್ವಿ ಬರೆದಿದ್ದ ಹಾಗೇ ಹೇಳಿದಳು:

“ದಿನಾ ಪೂರಾ ಚಪ್ಪರ್ದಡಿ ಎತ್ತಿ ಎತ್ತಿ ಅವಳ್ ತೋಳ್ ನೋಯ್ತಿತ್ತು. ಮಲಗ್ದಾಗ ಆ ತೋಳ್ನ ನನ್ ಮ್ಯಾಲೆ ಇಟ್ಕಂಡೆ. ಆ ಭಾರ ಇಲ್ದೆ ನಂಗೆ ನಿದ್ದೆ ಬರಾದಿಲ್ಲ.”

ಇಷ್ಟಕ್ಕೆ ಹೆದರಿದ್ದೆನೇ?

ಇಷ್ಟು ವರ್ಷ ನನ್ನನ್ನು ‘ಸಾರ್’ ಎಂದೇ ಕರೆಯುತ್ತಿದ್ದವಳು, ಸ್ವಲ್ಪ ತಡೆದು ಕೇಳಿದಳು:

“ಬರ್ಕಂಡ್ರಾ ಅಣ್ಣಾ?”

ಪೆನ್ನು ಕೈಯಲ್ಲೇ ಇತ್ತು. ಒಂದಕ್ಷರವೂ ಬರೆದಿರಲಿಲ್ಲ.

“ಇನ್ನೊಂದು ಸಲ ಹೇಳಮ್ಮಾ,” ಎಂದೆ.