ನಮ್ಮ ಪಡಸಾಲೆಯಲ್ಲಿ ಕ್ಲಬ್ಬು

ವಾರ್ನಿಷ್ ವಾಸನೆ ಬಂದರೆ ಈಗಲೂ ನನಗೆ ಕೊಟ್ಟೂರಿನ ತವರುಮನೆಯ ಪಡಸಾಲೆ ನೆನಪಾಗುತ್ತದೆ, ತಲೆಯೂ ನೋಯುತ್ತದೆ. ನಾನು ಸಣ್ಣಾಕೆಯಿದ್ದಾಗ ಅಲ್ಲಿ ಆ ವಾಸನೆ ಇರಲಿಲ್ಲ. ಸುಗ್ಗಿಯಲ್ಲಿ ಶೇಂಗಾ ಸುರಿಯುತ್ತಿದ್ದರು. ಮಣ್ಣು ನಾರುವ ಆ ರಾಶಿಯ ಮೇಲೆ ಅಣ್ಣ, ನಾನು ಹೊರಳಾಡಿ ಅಲ್ಲೇ ನಿದ್ದೆ ಹೋಗುತ್ತಿದ್ದೆವು. ಅಪ್ಪ ಸತ್ತಾಗ ನಮ್ಮ ಪದ್ಧತಿಯಂತೆ ಅವನನ್ನು ಆ ಪಡಸಾಲೆಯ ಗೋಡೆಗೇ ಆನಿಸಿ ಕೂರಿಸಿದ್ದರು. ಊರೆಲ್ಲ ಬಂದು ನೋಡಿತು. ತನ್ನನ್ನೂ ಅಲ್ಲೇ ಕೂರಿಸಬೇಕು ಅನ್ನುವುದೊಂದೇ ಅವ್ವನ ಆಸೆ. ನಿಮ್ಮ ಮನೆಯಲ್ಲೂ ಇಂಥ ಜಾಗ ಒಂದಿದ್ದೀತು.

ತೊಂಬತ್ತರ ದಶಕದಲ್ಲಿ ಅಣ್ಣನಿಗೆ ದೊಡ್ಡ ಮನುಷ್ಯನಾಗುವ ಹುಚ್ಚು ಹತ್ತಿತು. ಎಣ್ಣೆ ಮಿಲ್ಲಿನವರು, ದಲಾಲರು, ಡಾಕ್ಟರು, ವಕೀಲರು ಕೂಡುವ ಗಂಡಸರ ಕ್ಲಬ್ಬಿಗೆ ಪಡಸಾಲೆಯನ್ನೇ ಬರೆದುಕೊಟ್ಟ. ಅವ್ವನ ಮಂಚ ಹಿತ್ತಲ ಕೋಣೆಗೆ ಹೋಯಿತು, ವಾರ್ನಿಷ್ ಬಳಿದ ಹೊಸ ಕುರ್ಚಿ ಮೇಜು ಬಂದವು.

"ನಾ ಸತ್ತ ದಿನ ಏನ್ ಮಾಡ್ತೀಯಲೇ?" ಎಂದಳು ಅವ್ವ.

"ಅವತ್ತೊಂದಿನ ಬಾಗಲಾ ತೆಗಸ್ತೀನಿ ಬಿಡವ್ವ. ಕ್ಲಬ್ಬು ನಂದ ಐತಿ."

ಮೆಂಬರಲ್ಲದವನು ಕಾಲಿಡುವಂತಿಲ್ಲ ಅನ್ನುವ ಕಾಯ್ದೆ ತಂದವನೂ ಅವನೇ. ಒಬ್ಬೊಬ್ಬರ ಹೆಸರಿಗೂ ತಂಬಿಗೆ ತಿರುಗಬೇಕು; ಒಪ್ಪಿಗೆಯಿದ್ದವರು ಅದರಲ್ಲಿ ಶೇಂಗಾ ಬೀಜ ಹಾಕಬೇಕು, ಇಲ್ಲದವರು ಔಡಲ ಬೀಜ. ಒಂದು ಔಡಲ ಬಿದ್ದರೂ ಆ ಹೆಸರಿನವನನ್ನು ಸೇರಿಸುವಂತಿಲ್ಲ. ಮೊದಲ ದಿನ ಎಲ್ಲರ ಹೆಸರೂ ಪಾಸಾದವು. ಅಣ್ಣನಿಗೆ ಜಂಬ.

"ಮನಿ ಕೊಟ್ಟೀನಂತ ನನಗೇನ್ ಬ್ಯಾರೆ ಕಾಯ್ದೆ ಬ್ಯಾಡ್ರಿ. ನನ್ನ ಹೆಸರಿಗೂ ತಂಬಗಿ ತಿರುಗಸ್ರಿ" ಎಂದ.

ಅವ್ವ, ನಾನು ಇಬ್ಬರೂ ನಡುಬಾಗಿಲ ಸಂದಿಯಿಂದ ನೋಡುತ್ತಿದ್ದೆವು. ಡಾಕ್ಟರು ತಂಬಿಗೆ ಬೋರಲು ಹಾಕಿದರು. ಶೇಂಗಾದ ನಡುವೆ ಒಂದು ಔಡಲ.

"ಯಾರೋ ಚ್ಯಾಷ್ಟಿ ಮಾಡ್ಯಾರ" ಎಂದು ಮಿಲ್ಲಿನವನು ನಕ್ಕ.

"ನೀವ ತಂದ ಕಾಯ್ದೆ, ಸಾವುಕಾರ್ರ" ಎಂದರು ವಕೀಲರು.

ಅಣ್ಣನೂ ನಕ್ಕ. ಚಪ್ಪಲಿ ಮೆಟ್ಟಿ, ಓಣಿ ಸುತ್ತಿ ಹಿತ್ತಲಿಗೆ ಬಂದ. ಅವತ್ತೇ ನಡುಬಾಗಿಲಿಗೆ ಆ ಕಡೆಯಿಂದ ಚಿಲಕ ಬಿತ್ತು.

ಕೆಲವು ವರ್ಷಕ್ಕೆ ಅವ್ವ ಒಂದು ಬೆಳಗ್ಗೆ ತೀರಿಕೊಂಡಳು. "ಹೋಗಿ ಬಾಗಲಾ ತೆಗಿ ಅನ್ನು" ಎಂದೆ ಅಣ್ಣನಿಗೆ.

"ಯಾವ ಮಕ ಇಟ್ಕಂಡು ಕೇಳ್ಲಿ?" ಎಂದ.

ಹಿತ್ತಲಲ್ಲಿ ದನ ಕಟ್ಟುವ ಗೋಡೆಗೆ ಅವ್ವನನ್ನು ಆನಿಸಿ ಕೂರಿಸಿದೆವು. ಕ್ಲಬ್ಬಿನವರು ಓಣಿ ಸುತ್ತಿ ಬಂದು ಹಾರ ಹಾಕಿ, "ದೊಡ್ಡ ಜೀವ ಹೋತು" ಎಂದರು. ಒಬ್ಬನ ಬಾಯಲ್ಲೂ ಬಾಗಿಲಿನ ಮಾತು ಬರಲಿಲ್ಲ. ಬಿಸಿಲು ನೆಟ್ಟಗೆ ಅವಳ ಮುಖಕ್ಕೆ ಹೊಡೆಯತೊಡಗಿತು. ಅಣ್ಣ ಎಲ್ಲಿಂದಲೋ ಒಂದು ಕೊಡೆ ತಂದು ಬಿಚ್ಚಿದ. ಮಣ್ಣಿಗೆ ಒಯ್ಯುವ ತನಕ, ಕೈ ಬದಲಿಸುತ್ತ, ಹಾಗೇ ಹಿಡಿದು ನಿಂತಿದ್ದ.